ಸೋಯಾ ಬೇರಿನ ಗಂಟು, ಟೋಫುವಿನ ಚರಟ

ಪ್ರಶ್ನೆ: ಪುಣೆಯ ಹಡಪಸರದಲ್ಲಿ ಸಣ್ಣ ಪ್ರಮಾಣದಲ್ಲಿ ಟೋಫು, ಅಂದರೆ ಸೋಯಾ ಹಾಲಿನ ಪನೀರು, ತಯಾರಿಸುತ್ತೇನೆ. ಸೋಯಾ ಕಾಳು ಬಾರಾಮತಿ ಕಡೆಯ ಸಂಬಂಧಿಕರ ಹೊಲದ್ದು. ಜೀವಾಣು ಗೊಬ್ಬರದ ಪೊಟ್ಟಣ ಬಳಸಿದರೆ ಯೂರಿಯಾ ಬೇಡವೆಂದು ಅಂಗಡಿಯವರು ಹೇಳುತ್ತಾರೆ. ನಂಬಬಹುದೇ? ಹಾಲು ಹಿಂಡಿದ ಮೇಲೆ ಉಳಿಯುವ ಚರಟಕ್ಕೂ ಸೂಕ್ಷ್ಮಜೀವಿ ಸಂಶೋಧನೆಯಿಂದ ಪ್ರಯೋಜನವಿದೆಯೇ?

ಉತ್ತರ: ಅಂಗಡಿಯವರ ಮಾತು ಅರ್ಧ ನಿಜ. ಸೋಯಾ ಅವರೆಯ ಬೇರಿನಲ್ಲಿ ಗಂಟು ಕಟ್ಟುವ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು, ಸಾಮಾನ್ಯವಾಗಿ ಬೆಳೆಯ ಅಗತ್ಯದ ಅರ್ಧದಷ್ಟನ್ನಾದರೂ ಪೂರೈಸುತ್ತದೆ. ಆದರೆ ಹಲವು ವರ್ಷ ಸೋಯಾ ಬೆಳೆದ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾ ಮೊದಲೇ ಬೀಡುಬಿಟ್ಟಿರುವುದರಿಂದ, ಪೊಟ್ಟಣದಿಂದ ಬಂದವು ಪೈಪೋಟಿಯಲ್ಲಿ ಸೋಲುವುದೇ ಹೆಚ್ಚು. ಯಾವ ಮಣ್ಣಿನಲ್ಲಿ ಯಾವ ಬ್ಯಾಕ್ಟೀರಿಯಾ ತಳಿ ಗೆಲ್ಲುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ಒಂದೊಂದೇ ಬ್ಯಾಕ್ಟೀರಿಯಾವನ್ನು ಪರೀಕ್ಷಿಸುವ ಬದಲು, ಮಣ್ಣಿನ ಇಡೀ ಜೀವಾಣು ಸಮುದಾಯದ ಡಿಎನ್‌ಎ ಓದುತ್ತಿದ್ದಾರೆ.

ನಿಮ್ಮ ಸಂಬಂಧಿಕರು ಹಣ ಹಾಕುವ ಮೊದಲು, ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಬೇರು ಹರಿಯದಂತೆ ಅಗೆದು ತೆಗೆದು, ಗಂಟುಗಳನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಲೆಗ್‌ಹಿಮೋಗ್ಲೋಬಿನ್ ಎಂಬ, ಸಾರಜನಕ ಹಿಡಿಯಲು ನೆರವಾಗುವ ಕೆಂಪು ಪ್ರೋಟೀನು; ಗಂಟು ಕೆಲಸ ಮಾಡುತ್ತಿದೆ, ಪೊಟ್ಟಣದ ತುರ್ತಿಲ್ಲ. ಗಂಟುಗಳೇ ವಿರಳವಾಗಿದ್ದರೆ ಮುಂದಿನ ಮುಂಗಾರಿಗೆ ಬೀಜೋಪಚಾರ ಮಾಡಬೇಕು: ಶಿಲೀಂಧ್ರನಾಶಕ ಮೊದಲು, ಜೀವಾಣು ಗೊಬ್ಬರ ಕೊನೆಗೆ, ಬೀಜವನ್ನು ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಬಿಸಿಲಿಗೆ ಕಾದ ಪೊಟ್ಟಣವನ್ನು ಪುಕ್ಕಟೆ ಕೊಟ್ಟರೂ ತರಬಾರದು. ಯೂರಿಯಾ ಹೆಚ್ಚಾದರೆ ಗಂಟು ಕಟ್ಟುವುದೇ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಗಂಟುಗಳು ಕೊಳೆಯುವಾಗ ನೈಟ್ರಸ್ ಆಕ್ಸೈಡ್ ಹೊಮ್ಮುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಅದನ್ನು ಸಾಮಾನ್ಯ ಸಾರಜನಕವಾಗಿ ಮಾರ್ಪಡಿಸಬಲ್ಲ ಬ್ರಾಡಿರೈಜೋಬಿಯಂ ತಳಿಗಳಿಂದ ಹೊಲದಲ್ಲೇ ಈ ಹೊಮ್ಮುವಿಕೆ ತಗ್ಗುವುದನ್ನು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಒಳ್ಳೆಯ ಇಳುವರಿಯ ಜೊತೆಗೆ ಈ ಗುಣವೂ ಇರುವ ಬ್ಯಾಕ್ಟೀರಿಯಾ ತಳಿಯನ್ನೇ ನಾವು ಕೇಳಿ ಪಡೆಯಬೇಕೆಂಬುದು ನನ್ನ ಅಭಿಪ್ರಾಯ.

ಚರಟದ ವಿಷಯದಲ್ಲಿ ಇಂಡೊನೇಷ್ಯಾದ ಪಶ್ಚಿಮ ಜಾವಾದವರು ನಮಗಿಂತ ಮುಂದಿದ್ದಾರೆ. ಅಲ್ಲಿ ಟೋಫುವಿನ ಚರಟದ ಮೇಲೆ ಕಿತ್ತಳೆ ಬಣ್ಣದ ನ್ಯೂರೋಸ್ಪೊರಾ ಬೂಷ್ಟು ಬೆಳೆಸಿ ‘ಒಂಚೊಮ್’ ಎಂಬ ಆಹಾರ ಮಾಡುತ್ತಾರೆ. ಈ ಶಿಲೀಂಧ್ರವು ಚರಟದ ನಾರನ್ನು ಒಡೆದು ತಿನ್ನಲು ಯೋಗ್ಯವಾಗಿಸುತ್ತದೆ ಎಂದು 2024ರ ಅಧ್ಯಯನವೊಂದು ವಿವರಿಸಿದೆ. ಹಾಗೆಂದು ತಾನಾಗಿ ಬಂದ ಬೂಷ್ಟನ್ನು ನಂಬಬೇಡಿ. ಪರೀಕ್ಷಿಸಿದ ಶುದ್ಧ ಹೆಪ್ಪು ಸಿಗುವವರೆಗೆ ಚರಟವನ್ನು ಹುಳಿಯುವ ಮೊದಲೇ, ಅಂದಂದೇ, ಹತ್ತಿರದ ಹೈನುಗಾರರಿಗೆ ಕೊಡಿ.