ಹೀಥ್ರೋ 777: ಇಂಧನ ಮುಗಿದಿರಲಿಲ್ಲ

2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ, ಲಂಡನ್‌ನ ಹೀಥ್ರೋ ನಿಲ್ದಾಣದಲ್ಲಿ ರನ್‌ವೇ ಮುಟ್ಟುವ ಮೊದಲೇ ಹುಲ್ಲಿಗೆ ಇಳಿದದ್ದು ಇಂಧನ ಮುಗಿದಿದ್ದಕ್ಕಾ ಅಂತ ಕೇಳಿದ್ದೀರಿ. ಅಲ್ಲ. ಟ್ಯಾಂಕ್‌ಗಳಲ್ಲಿ ಇನ್ನೂ ಸುಮಾರು 10 ಟನ್ ಇತ್ತು.

ಹಾಗೆ ಊಹಿಸೋದು ಸಹಜವೇ. ಎರಡೂ ಎಂಜಿನ್ ಒಟ್ಟಿಗೆ ಕೈಕೊಟ್ಟರೆ ಮೊದಲು ಅನುಮಾನ ಬರೋದು ಇಂಧನದ ಮೇಲೆ. ಹಕ್ಕಿ ಡಿಕ್ಕಿ ಅಂದವರೂ ಇದ್ದರು. ಬ್ರಿಟನ್ ಪ್ರಧಾನಿಯ ಬೆಂಗಾವಲು ಕಾರುಗಳ ಜಾಮರ್ (ರೇಡಿಯೋ ಸಂಕೇತ ತಡೆಯುವ ಸಾಧನ) ಕಾರಣ ಅಂತಲೂ ಸುದ್ದಿ ಹಬ್ಬಿತ್ತು. ಅದು ಸುಮ್ನೆ ಗಾಳಿಮಾತು.

ಗಮನಿಸಬೇಕಾದ್ದು ಏನಂದ್ರೆ, ಎಂಜಿನ್‌ಗಳು ನಿಂತಿರಲೇ ಇಲ್ಲ. ಸುಮಾರು 720 ಅಡಿ ಎತ್ತರದಲ್ಲಿ ಬಲಗಡೆಯದ್ದರ ಶಕ್ತಿ ಕುಸಿಯಿತು, ಏಳು ಸೆಕೆಂಡ್ ಬಿಟ್ಟು ಎಡಗಡೆಯದ್ದು. ಎರಡೂ ತಿರುಗುತ್ತಲೇ ಇದ್ದವು, ಆದರೆ ಕೇಳಿದಷ್ಟು ಶಕ್ತಿ ಕೊಡಲಿಲ್ಲ. ಬಿಚ್ಚಿ ನೋಡಿದಾಗ ಎರಡರ ಹೈ-ಪ್ರೆಶರ್ ಇಂಧನ ಪಂಪ್‌ಗಳಲ್ಲೂ ಹೊಸ ಸವೆತದ ಗುರುತು ಇತ್ತು. ಅಂದ್ರೆ ಪಂಪ್‌ಗೆ ಸಾಕಷ್ಟು ಇಂಧನ ಬರುತ್ತಿರಲಿಲ್ಲ. ದಾರಿಯಲ್ಲಿ ಏನೋ ಅಡ್ಡ ಸಿಕ್ಕಿತ್ತು, ಆಮೇಲೆ ಕುರುಹೇ ಇಲ್ಲದೆ ಮಾಯ. ಹಾಗೆ ಮಾಯವಾಗೋದು ಮಂಜುಗಡ್ಡೆ ತಾನೇ?

ಹಾರಾಟದಲ್ಲಿ ಇಂಧನದ ತಾಪಮಾನ -34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅದರಲ್ಲಿದ್ದ ಚೂರು ನೀರು ಪೈಪಿನ ಒಳಗೆ ಮಂಜಾಗಿ ಅಂಟಿಕೊಂಡಿತ್ತು. ಲ್ಯಾಂಡಿಂಗ್‌ಗೆ ಹರಿವು ಜಾಸ್ತಿ ಆದಾಗ ಕಿತ್ತು ಬಂದು, ಇಂಧನ ಬಿಸಿ ಮಾಡುವ ಹೀಟ್ ಎಕ್ಸ್‌ಚೇಂಜರ್‌ನ ಬಾಯಿಗೇ ಸಿಕ್ಕಿಕೊಂಡಿತು ಅನ್ನೋದು ತನಿಖೆಯ ತೀರ್ಮಾನ.

ಅಂದ ಹಾಗೆ, ಕ್ಯಾಪ್ಟನ್ ಕೊನೆ ಗಳಿಗೆಯಲ್ಲಿ ಫ್ಲಾಪ್ (ರೆಕ್ಕೆಯ ಹಿಂದೆ ಚಾಚುವ ಹಲಗೆ) 30ರಿಂದ 25ಕ್ಕೆ ತಂದು ಗಾಳಿಯ ಎಳೆತ ಕಡಿಮೆ ಮಾಡಿದ್ದರು. ಅದರಿಂದ ವಿಮಾನ ಸುಮಾರು 50 ಮೀಟರ್ ಹೆಚ್ಚು ಮುಂದೆ ಸಾಗಿತು, ರನ್‌ವೇ ಮುಂಚೆ ಇದ್ದ ಲ್ಯಾಂಡಿಂಗ್ ಮಾರ್ಗದರ್ಶಿ ಆಂಟೆನಾಗಳಿಗೆ ಬಡಿಯೋದು ತಪ್ಪಿತು. ಯಾರೂ ಸಾಯಲಿಲ್ಲ. ಆ ಹೀಟ್ ಎಕ್ಸ್‌ಚೇಂಜರ್ ವಿನ್ಯಾಸವನ್ನು ಆಮೇಲೆ ಬದಲಾಯಿಸಿದರು.