ಯುಎಸ್‌ಬಿ ಡಿಸ್ಕ್‌ನ ಅಕ್ಷರ ಬದಲಾಗುವ ಸಮಸ್ಯೆಗೆ ಪ್ರತಿಕ್ರಿಯೆ

ನಿಮ್ಮ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಮ್ಮೆ ಇ, ಇನ್ನೊಮ್ಮೆ ಎಫ್ ಎಂಬ ಡ್ರೈವ್ ಅಕ್ಷರದಲ್ಲಿ ಕಾಣಿಸಿ ಬ್ಯಾಕಪ್ ನಿಂತುಹೋಗುತ್ತಿದೆ ಎಂದು ಕೇಳಿದ್ದೀರಿ. ಇದು ಡಿಸ್ಕ್ ಕೆಟ್ಟಿರುವ ಲಕ್ಷಣವಲ್ಲ.

ಈ ಅಕ್ಷರವನ್ನು ಡಿಸ್ಕ್‌ನಲ್ಲಿ ಬರೆದಿರುವುದಿಲ್ಲ. ವಿಂಡೋಸ್ ಅದನ್ನು ತನ್ನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ದಾಖಲೆಯಲ್ಲಿ) ‘ಮೌಂಟೆಡ್ ಡಿವೈಸಸ್’ ಎಂಬಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕ್ ಅನ್ನು ಪಾರ್ಟಿಷನ್‌ಗಳಾಗಿ, ಅಂದರೆ ಭಾಗಗಳಾಗಿ, ವಿಂಗಡಿಸುವ ಎರಡು ಪದ್ಧತಿಗಳು ಎಂಬಿಆರ್ (ಹಳೆಯದು) ಮತ್ತು ಜಿಪಿಟಿ (ಹೊಸದು). ಎಂಬಿಆರ್ ಡಿಸ್ಕ್ ಆದರೆ 4 ಬೈಟ್‌ಗಳ ಸಿಗ್ನೇಚರ್ (ಡಿಸ್ಕ್‌ನ ಗುರುತಿನ ಸಂಖ್ಯೆ) ಜೊತೆಗೆ ಪಾರ್ಟಿಷನ್ ಶುರುವಾಗುವ ಜಾಗವನ್ನು ನೋಡಿ ಗುರುತು ಹಿಡಿಯುತ್ತದೆ. ಜಿಪಿಟಿ ಆದರೆ ಪಾರ್ಟಿಷನ್‌ಗೇ ಇರುವ 16 ಬೈಟ್‌ಗಳ ವಿಶಿಷ್ಟ ಸಂಖ್ಯೆಯನ್ನು. ಹಾಗಾಗಿ ಅದೇ ಡಿಸ್ಕ್ ಬೇರೆ ಕಂಪ್ಯೂಟರಿನಲ್ಲಿ ಬೇರೆ ಅಕ್ಷರ ಪಡೆಯುವುದು ಸಹಜ. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇಷ್ಟೇ: ಡಿಸ್ಕ್ ಇಲ್ಲದಾಗ ಪೆನ್ ಡ್ರೈವ್ ಚುಚ್ಚಿದರೆ ಇ ಅದರ ಪಾಲಾಗುತ್ತದೆ, ಆಮೇಲೆ ಬಂದ ಡಿಸ್ಕ್‌ಗೆ ಮುಂದಿನ ಖಾಲಿ ಅಕ್ಷರ ಸಿಗುತ್ತದೆ.

ಪರಿಹಾರ ಸುಲಭ. ಪೆನ್ ಡ್ರೈವ್‌ಗಳನ್ನೆಲ್ಲ ತೆಗೆದು, ಆ ಡಿಸ್ಕ್ ಮಾತ್ರ ಜೋಡಿಸಿ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಅಲ್ಲಿ ‘ಚೇಂಜ್’ ಆರಿಸಿ ಆರ್ ಅಥವಾ ಟಿ ಕೊಡಿ. ವಿಂಡೋಸ್ ಸಿ ನಂತರ ಡಿ, ಇ, ಎಫ್ ಎಂದು ಕ್ರಮವಾಗಿಯೇ ಹಂಚುತ್ತಾ ಹೋಗುವುದರಿಂದ ದೂರದ ಅಕ್ಷರಕ್ಕೆ ಪೈಪೋಟಿ ಕಡಿಮೆ. ಕೊನೆಯಲ್ಲಿ ಬ್ಯಾಕಪ್ ಸೆಟ್ಟಿಂಗ್‌ನಲ್ಲೂ ಹೊಸ ಅಕ್ಷರ ಹಾಕಲು ಮರೆಯಬೇಡಿ.

ಸಿ ಡ್ರೈವ್‌ನ ಅಕ್ಷರವನ್ನು ಮಾತ್ರ ಮುಟ್ಟಬೇಡಿ. ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡಿರುವ ಡ್ರೈವ್‌ಗಳನ್ನೂ ಬಿಟ್ಟುಬಿಡಿ, ಅವುಗಳ ದಾರಿ ತಪ್ಪುತ್ತದೆ. ಇನ್ನೊಂದು: ಡಿಸ್ಕ್ ಅನ್ನು ಕ್ಲೋನ್ ಮಾಡಿದ್ದರೆ (ಇನ್ನೊಂದು ಡಿಸ್ಕ್‌ಗೆ ಯಥಾವತ್ ನಕಲಿಸಿದ್ದರೆ) ಎರಡಕ್ಕೂ ಒಂದೇ ಸಿಗ್ನೇಚರ್ ಇರಬಹುದು, ಆಗ ಎರಡನೆಯದನ್ನು ವಿಂಡೋಸ್ ‘ಆಫ್‌ಲೈನ್’ (ಬಳಕೆಗೆ ಸಿಗದ ಸ್ಥಿತಿ) ಎಂದು ಇಡುತ್ತದೆ, ಅಕ್ಷರವೇ ಬರುವುದಿಲ್ಲ.