ಹಳೆಯ ನೌಕೆಗೆ ಹೊಸ ಹೊಳಪು ಬೇಕೆ?

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಮೆರಿಕದ ಬಾಹ್ಯಾಕಾಶ ಕಥೆ 'ಸ್ಟಾರ್ ಟ್ರೆಕ್'ನ ಮೂಲ ಧಾರಾವಾಹಿಯ ರೀಮಾಸ್ಟರ್ (ಹಳೆಯ ಫಿಲ್ಮಿನಿಂದ ಹೊಸದಾಗಿ ಸಿದ್ಧಪಡಿಸಿದ) ಆವೃತ್ತಿಯನ್ನು ಕುರಿತು ಒಂದು ಸಣ್ಣ ಉತ್ತರ ಬರೆದಿದ್ದೆ. ಚಿತ್ರವನ್ನು ಶುಚಿಗೊಳಿಸಿದ್ದು ಸರಿ, ಆದರೆ ಬಾಹ್ಯಾಕಾಶ ನೌಕೆಯ ಹಳೆಯ ದೃಶ್ಯಗಳನ್ನು ತೆಗೆದು ಕಂಪ್ಯೂಟರ್ ಗ್ರಾಫಿಕ್ಸ್ ಕೂರಿಸಿದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ ಎಂದು ಅದರಲ್ಲಿ ಹೇಳಿದ್ದೆ. ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಆ ಮಾತನ್ನೇ ಹಿಡಿದುಕೊಂಡಿವೆ. ಕೆಲವು ಬೆನ್ನು ತಟ್ಟಿವೆ, ಕೆಲವು ಕಿವಿ ಹಿಂಡಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: 1966ರಲ್ಲಿ ತೆಗೆದ ಧಾರಾವಾಹಿ ಅಂದಿನ ವೀಕ್ಷಕರಿಗೂ ಕಾಣದಷ್ಟು ಸ್ಪಷ್ಟವಾಗಿ ಇಂದು ಕಾಣುವುದು ಹೇಗೆ? ಇಲ್ಲದ ವಿವರವನ್ನು ಕಂಪ್ಯೂಟರ್ ಹುಟ್ಟಿಸುತ್ತಿದೆ ಎಂದು ನನ್ನ ಅನುಮಾನ.

ಉತ್ತರ: ಈ ಧಾರಾವಾಹಿಯ ಮಟ್ಟಿಗೆ ಆ ಅನುಮಾನ ಬೇಡ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 1969ರ ಜೂನ್‌ನಲ್ಲಿ ಮುಗಿದ ಅದರ 79 ಕಂತುಗಳನ್ನೂ ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮಿನಲ್ಲಿಯೇ ಚಿತ್ರೀಕರಿಸಲಾಗಿತ್ತು. ಅಂದಿನ ಅಮೆರಿಕದ ಟಿ.ವಿ. ವ್ಯವಸ್ಥೆ ಚಿತ್ರವೊಂದನ್ನು 525 ಗೆರೆಗಳಾಗಿ ಸೀಳಿ ಕಳಿಸುತ್ತಿತ್ತು. ಅದರಲ್ಲಿ ಪರದೆಯ ಮೇಲೆ ಕಾಣುತ್ತಿದ್ದುದು ಸುಮಾರು 480 ಗೆರೆ. ನೆಗೆಟಿವ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ವಿವರ ಅಡಗಿತ್ತು, ಅದನ್ನು ಹೊರಗೆ ತರುವ ದಾರಿ ಮಾತ್ರ ಇರಲಿಲ್ಲ. ಈಗ ಮೂಲ ನೆಗೆಟಿವನ್ನೇ ಸ್ಕ್ಯಾನ್ ಮಾಡಿ, ಗೀರು ಮತ್ತು ದೂಳಿನ ಕಲೆಗಳನ್ನು ಅಳಿಸಿ, ಮಾಸಿದ ಬಣ್ಣವನ್ನು ಸರಿಪಡಿಸಿದ್ದಾರೆ. ನಿಮಗೆ ಕಾಣುತ್ತಿರುವುದು ಅಂದು ಛಾಯಾಗ್ರಾಹಕ ನಿಜವಾಗಿ ಸೆರೆಹಿಡಿದದ್ದೇ.

ಆದರೆ ಆತ ಸೆರೆಹಿಡಿದದ್ದೆಲ್ಲವೂ ನಮಗೆ ಕಾಣಲಿ ಎಂದು ಆತನೂ ಬಯಸಿರಲಿಲ್ಲ ಎಂಬುದು ಇಲ್ಲಿಯ ತಮಾಷೆ. ಮಂಕು ಪರದೆಯನ್ನು ಲೆಕ್ಕದಲ್ಲಿಟ್ಟುಕೊಂಡು ಕಟ್ಟಿದ ಸೆಟ್ಟುಗಳು, ಹಚ್ಚಿದ ಮೇಕಪ್ಪು ಅವು. ಹೊಡೆದಾಟದ ದೃಶ್ಯಗಳಲ್ಲಿ ನಾಯಕನ ಬದಲಿಗೆ ಬಂದ ಸಾಹಸ ಕಲಾವಿದನ ಮುಖ ಈಗ ಎಳೆ ಎಳೆಯಾಗಿ ಕಾಣುತ್ತದೆ, ಗೊತ್ತಾದ ಮೇಲೆ ಕಣ್ಣು ಅತ್ತಲೇ ಹೋಗುತ್ತದೆ. ಇದರಿಂದ ಭ್ರಮೆ ಒಡೆಯುತ್ತದೆ ಎಂದು ಕೊರಗುವ ಅಭಿಮಾನಿಗಳಿದ್ದಾರೆ. ಕಡಿಮೆ ಹಣದಲ್ಲಿ ಅಷ್ಟು ಕೆಲಸ ಮಾಡಿದವರ ಕೈಚಳಕ ಈಗಲಾದರೂ ಕಂಡಿತಲ್ಲ ಎಂದು ಹಿಗ್ಗುವವರೂ ಇದ್ದಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು.

ಪ್ರಶ್ನೆ: ಶುಚಿಗೊಳಿಸಿದ್ದಕ್ಕೆ ಯಾರ ತಕರಾರೂ ಇಲ್ಲವೆಂದಾದರೆ ನೌಕೆಯ ದೃಶ್ಯಗಳನ್ನು ಬದಲಾಯಿಸಿದ್ದಕ್ಕೆ ಮಾತ್ರ ಏಕೆ ಇಷ್ಟು ಗಲಾಟೆ? ಹಳೆಯ ಆಟಿಕೆ ನೌಕೆಗಿಂತ ಹೊಸದು ಚೆನ್ನಾಗಿಲ್ಲವೆ?

ಉತ್ತರ: ಮೊದಲು 'ಆಟಿಕೆ' ಎಂಬ ಮಾತನ್ನು ತಿದ್ದಬೇಕು. ಚಿತ್ರೀಕರಣಕ್ಕೆ ಬಳಸಿದ ಎಂಟರ್‌ಪ್ರೈಸ್ (ಕಥೆಯ ನೌಕೆಯ ಹೆಸರು) ನೌಕೆಯ ಮುಖ್ಯ ಮಾದರಿ ಸುಮಾರು 11 ಅಡಿ ಉದ್ದದ್ದು. ಅದು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸ್ವತ್ತು.

ಬದಲಾವಣೆಗೆ ತಾಂತ್ರಿಕ ಕಾರಣವೊಂದಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನೌಕೆ, ನಕ್ಷತ್ರ, ಗ್ರಹ ಇವನ್ನು ಬೇರೆ ಬೇರೆಯಾಗಿ ಚಿತ್ರಿಸಿ, ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದರ ಮೇಲೊಂದನ್ನು ಮತ್ತೊಂದು ಫಿಲ್ಮಿಗೆ ಇಳಿಸಿಕೊಳ್ಳುವುದು ಅಂದಿನ ಕ್ರಮವಾಗಿತ್ತು. ಪ್ರತಿ ನಕಲಿನಲ್ಲೂ ಫಿಲ್ಮಿನ ಕಣ ದಪ್ಪವಾಗುತ್ತದೆ, ದೂಳು ಸೇರುತ್ತದೆ, ಬಣ್ಣ ಕೊಂಚ ಬಾಡುತ್ತದೆ. ಹೀಗಾಗಿ ನಟರಿರುವ ದೃಶ್ಯಗಳನ್ನು ಶುಚಿಗೊಳಿಸಿದಷ್ಟೂ ಅವುಗಳ ಪಕ್ಕದ ನೌಕೆಯ ದೃಶ್ಯಗಳು ಇನ್ನಷ್ಟು ಒರಟಾಗಿ ತೋರುತ್ತಿದ್ದವು. ಸಾಲದ್ದಕ್ಕೆ ಹಣ ಉಳಿಸಲು ಅವವೇ ದೃಶ್ಯಗಳನ್ನು ಕಂತಿನಿಂದ ಕಂತಿಗೆ ಮತ್ತೆ ಮತ್ತೆ ಹಾಕುತ್ತಿದ್ದರು. ಧಾರಾವಾಹಿಗೆ 40 ತುಂಬಿದ 2006ರಲ್ಲಿ ಸಿಬಿಎಸ್ ಡಿಜಿಟಲ್ ಸಂಸ್ಥೆ ಈ ಭಾಗಗಳನ್ನು ಗ್ರಾಫಿಕ್ಸ್‌ನಲ್ಲಿ ಹೊಸದಾಗಿ ರಚಿಸಲು ತೊಡಗಿ, 2008ರ ವೇಳೆಗೆ ಮುಗಿಸಿತು. ಮುಂದಿನ ಸ್ಟಾರ್ ಟ್ರೆಕ್ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ ಮೈಕಲ್ ಮತ್ತು ಡೆನಿಸ್ ಒಕುಡಾ ದಂಪತಿ ಈ ಕೆಲಸದ ಉಸ್ತುವಾರಿಯಲ್ಲಿದ್ದರು. ಮೂಲವನ್ನು ಪ್ರೀತಿಸದವರ ಕೈಗೆ ಅದು ಸಿಕ್ಕಿತ್ತೆಂದು ಯಾರೂ ಹೇಳುವಂತಿಲ್ಲ.

ಹಾಗಿದ್ದರೂ ವಿರೋಧ ಬಂತು, ಮತ್ತು ಅದರಲ್ಲಿ ಹುರುಳಿದೆ. ಮಾದರಿ ನೌಕೆ ಎಷ್ಟೇ ಒರಟಾಗಿದ್ದರೂ ನಿಜವಾದ ವಸ್ತು. ಅದರ ಮೇಲೆ ಬಿದ್ದದ್ದು ನಿಜವಾದ ಬೆಳಕು. ಗ್ರಾಫಿಕ್ಸ್ ನೌಕೆಗೆ, ವಿಶೇಷವಾಗಿ ಮೊದಮೊದಲ ಕಂತುಗಳಲ್ಲಿ, ಆ ಭಾರ ಬಂದಿಲ್ಲ. ಇನ್ನೊಂದು ಸಂಗತಿ ಅಂದು ಹೊಳೆಯದೆ ಈಗ ಹೊಳೆಯುತ್ತಿದೆ. 1960ರ ದಶಕದ ದೃಶ್ಯಗಳಿಗೆ ವಯಸ್ಸಾಯಿತೆಂದು ಬದಲಾಯಿಸಿದೆವು, ಆದರೆ 2006ರ ಗ್ರಾಫಿಕ್ಸ್‌ಗೂ ವಯಸ್ಸಾಗದೆ ಬಿಟ್ಟಿಲ್ಲ. ಈಗ ಒಂದೇ ಕಂತಿನೊಳಗೆ ನಲವತ್ತು ವರ್ಷ ಅಂತರದ ಎರಡು ಕಾಲಗಳು ಅಕ್ಕಪಕ್ಕ ಕೂತಿವೆ. ನಟರು, ಬೆಳಕು, ಸಂಗೀತ ಒಂದು ಕಾಲದವು, ಕಿಟಕಿಯಾಚೆಯ ಆಕಾಶ ಮತ್ತೊಂದು ಕಾಲದ್ದು.

ಎಲ್ಲ ಕಡೆಯೂ ನನ್ನದು ಇದೇ ಅಭಿಪ್ರಾಯವಲ್ಲ. 1967ರ 'ದಿ ಡೂಮ್ಸ್‌ಡೇ ಮೆಷಿನ್' ಕಂತಿನಲ್ಲಿ ಜರ್ಜರಿತವಾಗಿ ತೇಲುವ ಕಾನ್‌ಸ್ಟೆಲೇಶನ್ ನೌಕೆಗೆ ಬಳಸಿದ್ದು ಅಂಗಡಿಯಲ್ಲಿ ಮಾರುತ್ತಿದ್ದ ಪ್ಲಾಸ್ಟಿಕ್ ಜೋಡಣೆ ಮಾದರಿಯನ್ನು. ಕಥೆ ಬೇಡುವ ಭಯವನ್ನು ಅದು ಹೊರಲಾರದೆ ಒದ್ದಾಡುತ್ತದೆ. ಹೊಸ ಆವೃತ್ತಿಯಲ್ಲಿ ನೌಕೆಯ ಗಾಯಗಳು ಕಾಣುತ್ತವೆ, ಗ್ರಹಗಳನ್ನು ನುಂಗುವ ಯಂತ್ರದ ಗಾತ್ರ ಮನಸ್ಸಿಗೆ ತಟ್ಟುತ್ತದೆ. ಬದಲಾವಣೆಯನ್ನು ಕಟುವಾಗಿ ವಿರೋಧಿಸುವವರಲ್ಲೂ ಅನೇಕರು ಈ ಒಂದು ಕಂತಿಗೆ ರಿಯಾಯಿತಿ ಕೊಡುತ್ತಾರೆ.

ವಸ್ತುಸಂಗ್ರಹಾಲಯದವರು 11 ಅಡಿಯ ಆ ಎಂಟರ್‌ಪ್ರೈಸ್ ಮಾದರಿಯನ್ನು ದುರಸ್ತಿಗೊಳಿಸಿ 2016ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟಾಗ ಅನುಸರಿಸಿದ ಕ್ರಮ ಇಲ್ಲಿ ನೆನಪಿಗೆ ಬರುತ್ತದೆ. 1967ರ ಆಗಸ್ಟ್‌ನಲ್ಲಿ ಅದು ಹೇಗಿತ್ತೋ ಹಾಗೆ ಕಾಣಬೇಕೆಂದು ಗುರಿಯಿಟ್ಟುಕೊಂಡರು; ತಟ್ಟೆಯಾಕಾರದ ಮೇಲ್ಭಾಗದಲ್ಲಿ ಉಳಿದಿದ್ದ ಮೂಲ ಬಣ್ಣದ ಮೇಲೆ ಹೊಸ ಬಣ್ಣ ಬಳಿಯಲಿಲ್ಲ. ಅದು ಮಾಸಿದೆ, ಆದರೆ ಮೂಲದ್ದು. ರೀಮಾಸ್ಟರ್ ಕುರಿತ ನನ್ನ ತಕರಾರನ್ನು ಆ ತಟ್ಟೆ ನನಗಿಂತ ಚೆನ್ನಾಗಿ ಹೇಳುತ್ತದೆ.

ಪ್ರಶ್ನೆ: 1987ರ ಸ್ಟಾರ್ ಟ್ರೆಕ್ ಧಾರಾವಾಹಿ 'ದಿ ನೆಕ್ಸ್ಟ್ ಜನರೇಶನ್' ಇಪ್ಪತ್ತು ವರ್ಷ ಹೊಸದು. ಅದನ್ನು ರೀಮಾಸ್ಟರ್ ಮಾಡುವುದು ಇನ್ನಷ್ಟು ಕಷ್ಟವಾಯಿತೆಂದು ಕೇಳಿದ್ದೇನೆ. ಇದು ತಿರುಗಾ ಮುರುಗಾ ಅಲ್ಲವೆ?

ಉತ್ತರ: ತಿರುಗಾ ಮುರುಗಾ ಹೌದು, ಸುಳ್ಳಲ್ಲ. ಮೂಲ ಧಾರಾವಾಹಿಯ ಸಂಕಲನ ನಡೆದದ್ದು ಫಿಲ್ಮಿನಲ್ಲಿಯೇ, ಆದ್ದರಿಂದ ಪ್ರತಿ ಕಂತಿಗೂ ಪೂರ್ತಿಯಾದ ನೆಗೆಟಿವ್ ಒಂದಿತ್ತು. 1987ರ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಚಿತ್ರೀಕರಣ 35 ಮಿಲಿಮೀಟರ್ ಫಿಲ್ಮಿನಲ್ಲೇ ನಡೆದರೂ ಅದನ್ನು ಕೂಡಲೇ ವಿಡಿಯೊ ಟೇಪಿಗೆ ಇಳಿಸಿಕೊಂಡು, ಸಂಕಲನವನ್ನೂ ದೃಶ್ಯಪರಿಣಾಮಗಳ ಜೋಡಣೆಯನ್ನೂ ಟೇಪಿನಲ್ಲಿಯೇ ಮಾಡುತ್ತಿದ್ದರು. ಅಗ್ಗವಾಗಿ, ಬೇಗ ಮುಗಿಯುತ್ತಿತ್ತು. ಫಲವಾಗಿ ಏಳು ವರ್ಷ ಓಡಿದ ಆ ಧಾರಾವಾಹಿಯ ಸಿದ್ಧ ಕಂತು ಎಂಬುದು ಇದ್ದದ್ದು ಆ 480 ಗೆರೆಯ ಟೇಪಿನಲ್ಲಿ ಮಾತ್ರ.

ಹಾಗಾಗಿ ಅದನ್ನು ರೀಮಾಸ್ಟರ್ ಮಾಡುವುದೆಂದರೆ ಪ್ರತಿ ಕಂತನ್ನೂ ಮತ್ತೆ ಕಟ್ಟುವುದೇ ಆಯಿತು. ಉಗ್ರಾಣದಲ್ಲಿದ್ದ ಸುಮಾರು 25 ಸಾವಿರ ರೀಲುಗಳಲ್ಲಿ ಬೇಕಾದ ಟೇಕನ್ನು ಹುಡುಕಿ, ಸ್ಕ್ಯಾನ್ ಮಾಡಿ, ಹಳೆಯ ಟೇಪನ್ನು ಮುಂದಿಟ್ಟುಕೊಂಡು ಅದೇ ಕ್ಷಣದಲ್ಲಿ ಕತ್ತರಿಸಿ ಜೋಡಿಸಬೇಕಿತ್ತು. ಮಾದರಿ ನೌಕೆಗಳನ್ನು ಚಿತ್ರಿಸಿದ್ದ ಫಿಲ್ಮ್ ಉಳಿದಿದ್ದುದರಿಂದ ಬಹುಪಾಲು ಅವುಗಳನ್ನೇ ಮತ್ತೆ ಒಂದರ ಮೇಲೊಂದು ಕೂರಿಸಿದರು. ಟೇಪಿನಲ್ಲಿ ಮಾತ್ರ ರಚಿಸಲಾಗಿದ್ದ ಕಿರಣ, ಹೊಳಪು ಮುಂತಾದವನ್ನಷ್ಟೇ ಹೊಸದಾಗಿ ಮಾಡಿದರು. 'ಸಿನ್ಸ್ ಆಫ್ ದಿ ಫಾದರ್' ಕಂತಿನ ಕೆಲವೇ ಸೆಕೆಂಡುಗಳ ಮೂಲ ಫಿಲ್ಮ್ ಸಿಗಲಿಲ್ಲ, ಅಷ್ಟು ಭಾಗವನ್ನು ಹಳೆಯ ಟೇಪಿನಿಂದಲೇ ಹಿಗ್ಗಿಸಿ ಸೇರಿಸಬೇಕಾಯಿತು. 2012ರಿಂದ 2014ರವರೆಗೆ ಏಳೂ ಸೀಸನ್ನುಗಳು ಬ್ಲೂ-ರೇ ಡಿಸ್ಕ್ ರೂಪದಲ್ಲಿ ಬಂದವು. ಎರಡನೆಯ ಸೀಸನ್ನನ್ನು ಬೇರೊಂದು ಸಂಸ್ಥೆಗೆ ವಹಿಸಿದಾಗ ಗುಣಮಟ್ಟದ ವ್ಯತ್ಯಾಸವನ್ನು ಅಭಿಮಾನಿಗಳು ಕೂಡಲೇ ಪತ್ತೆ ಹಚ್ಚಿ ಗೊಣಗಿದರು. ಅದನ್ನು ಬಿಟ್ಟರೆ ಈ ಕೆಲಸಕ್ಕೆ ಸಿಕ್ಕಷ್ಟು ಒಮ್ಮತದ ಮೆಚ್ಚುಗೆ ಮತ್ತಾವ ರೀಮಾಸ್ಟರ್‌ಗೂ ಸಿಕ್ಕಂತಿಲ್ಲ. ಅಂದಿನ ಕಲಾವಿದರು ಮಾಡಿದ್ದನ್ನು ಮೊದಲ ಬಾರಿಗೆ ಅವರ ನೆಗೆಟಿವ್ ಹೇಳುವಂತೆ ತೋರಿಸಿದ್ದೇ ಅದಕ್ಕೆ ಕಾರಣವೆಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ಹಾಗಾದರೆ ಆಮೇಲಿನ ಸ್ಟಾರ್ ಟ್ರೆಕ್ ಧಾರಾವಾಹಿಗಳಾದ 'ಡೀಪ್ ಸ್ಪೇಸ್ ನೈನ್' ಮತ್ತು 'ವೊಯೇಜರ್' ಏನು ಪಾಪ ಮಾಡಿದವು? ಈಗ ಕೃತಕ ಬುದ್ಧಿಮತ್ತೆಯಿಂದ ಹಳೆಯ ಚಿತ್ರವನ್ನು ಹಿಗ್ಗಿಸಬಹುದಂತೆ. ಅಭಿಮಾನಿಗಳೇ ಮಾಡಿಕೊಂಡರೆ ತಪ್ಪೇನು?

ಉತ್ತರ: ಆ ಎರಡನ್ನೂ ಫಿಲ್ಮಿನಲ್ಲಿ ಚಿತ್ರೀಕರಿಸಿ ಟೇಪಿನಲ್ಲಿ ಮುಗಿಸಲಾಗಿತ್ತು. ಕಷ್ಟ ಅಲ್ಲಿಗೇ ನಿಲ್ಲುವುದಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಮಾದರಿ ನೌಕೆಗಳ ಜಾಗಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಬಂತು. ಅವನ್ನು ಅಂದಿನ ಟಿ.ವಿ.ಯ ಗಾತ್ರಕ್ಕಷ್ಟೇ ರಚಿಸಿದ್ದರು. ಅವುಗಳ ಹಿಂದೆ ಸ್ಕ್ಯಾನ್ ಮಾಡಲು ಫಿಲ್ಮ್ ಇಲ್ಲ. ನೂರಾರು ನೌಕೆಗಳ ಯುದ್ಧವನ್ನು ಇಡಿಯಾಗಿ ಮತ್ತೆ ರಚಿಸಬೇಕು, ಅದಕ್ಕೆ ತಕ್ಕ ಹಣ ಬೇಕು. ಡಿಸ್ಕ್ ಕೊಳ್ಳುವವರು ಕಡಿಮೆಯಾದ ಕಾಲದಲ್ಲಿ ಮಾಲೀಕರು ಅಷ್ಟು ಸುರಿಯಲು ಮುಂದೆ ಬಂದಿಲ್ಲ. 'ಡೀಪ್ ಸ್ಪೇಸ್ ನೈನ್' ಕುರಿತು 2019ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರಕ್ಕೆ ಅಭಿಮಾನಿಗಳೇ ದುಡ್ಡು ಕೂಡಿಸಿ ಕೊಟ್ಟರು, ಅದರಲ್ಲಿ ಕೆಲವು ದೃಶ್ಯಗಳನ್ನು ಮೂಲ ಫಿಲ್ಮಿನಿಂದ ಸ್ಕ್ಯಾನ್ ಮಾಡಿ ತೋರಿಸಲಾಯಿತು. ಆ ಕೆಲವು ನಿಮಿಷಗಳನ್ನು ನೋಡಿದವರಿಗೆ ಹಸಿವು ಇನ್ನೂ ಹೆಚ್ಚಿದೆ.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಸ್ಕ್ಯಾನ್ ಮಾಡುವುದು ಇದ್ದದ್ದನ್ನು ಓದುವ ಕೆಲಸ. ಈ ಹಿಗ್ಗಿಸುವಿಕೆ ಅಕ್ಷರ ಅಳಿಸಿದ ಕಡೆ ಅಂದಾಜಿನಲ್ಲಿ ತುಂಬಿ ಬರೆಯುವ ಕೆಲಸ. ಮೊದಲ ಪ್ರಶ್ನೆಯಲ್ಲಿ ಬಂದ ಅನುಮಾನ ಇಲ್ಲಿ ಪೂರ್ತಿ ಸಲ್ಲುತ್ತದೆ. ನೌಕೆಯ ಅಂಚುಗಳನ್ನು ಅದು ಚೆನ್ನಾಗಿ ಊಹಿಸುತ್ತದೆ, ಮುಖಗಳನ್ನು ಮೇಣದ ಗೊಂಬೆ ಮಾಡಿಬಿಡುತ್ತದೆ. ದೂರದಲ್ಲಿ ನಿಂತವರ ಕಣ್ಣು ಬಾಯಿಗಳು ಕಲಸಿ ಹೋಗುತ್ತವೆ. ಮೂಲ ಫಿಲ್ಮ್ ಉಗ್ರಾಣದಲ್ಲಿ ಕೂತಿರುವಾಗ ಇದನ್ನು ಸಾಕೆಂದು ಒಪ್ಪಿಕೊಂಡರೆ, ಆ ಫಿಲ್ಮನ್ನು ಹೊರತೆಗೆಯಲು ಇನ್ನಾರಿಗೂ ಕಾರಣವೇ ಉಳಿಯದು ಎಂಬುದು ನನ್ನ ಭಯ.

ಪ್ರಶ್ನೆ: ನನ್ನ ಟಿ.ವಿ. ಅಗಲವಾಗಿದೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟು ತೋರಿಸುವುದನ್ನು ರೀಮಾಸ್ಟರ್ ಎಂದು ಕರೆಯಲು ನಾಚಿಕೆಯಾಗುವುದಿಲ್ಲವೆ?

ಉತ್ತರ: ನಿಮ್ಮ ಟಿ.ವಿ. ಅಗಲವಾಗಿರುವುದು ನಿರ್ದೇಶಕರ ತಪ್ಪಲ್ಲ. ಹಳೆಯ ಟಿ.ವಿ.ಯ 4:3 (ಅಗಲ 4 ಪಾಲು, ಎತ್ತರ 3 ಪಾಲು) ಚೌಕಟ್ಟಿಗೆ ಹೊಂದಿಸಿದ ಚಿತ್ರವನ್ನು ಅಗಲ ಪರದೆಯ 16:9ಕ್ಕೆ ತುಂಬಿಸಬೇಕಾದರೆ ಮೇಲೆ ಕೆಳಗೆ ಕಾಲು ಭಾಗ ಕತ್ತರಿಸಿ ಎಸೆಯಬೇಕು. 'ಬ್ಯಾಬಿಲಾನ್ 5' ಎಂಬ ಇನ್ನೊಂದು ಬಾಹ್ಯಾಕಾಶ ಧಾರಾವಾಹಿ ಈ ಆಸೆಗೆ ಬಿದ್ದು ಸೋತ ಉದಾಹರಣೆ. ನಟರ ದೃಶ್ಯಗಳನ್ನು ಮುಂದೊಂದು ದಿನ ಅಗಲ ಪರದೆಗೂ ಒಗ್ಗುವಂತೆ ಚಿತ್ರಿಸಿದ್ದರು, ಗ್ರಾಫಿಕ್ಸನ್ನು ಮಾತ್ರ 4:3ಕ್ಕೆ ಮಾಡಿದ್ದರು. ಅಗಲ ಚೌಕಟ್ಟಿನ ಡಿವಿಡಿಯಲ್ಲಿ ಗ್ರಾಫಿಕ್ಸನ್ನು ಕತ್ತರಿಸಿ ಹಿಗ್ಗಿಸಿದಾಗ ಅದು ಮಸುಕು ಮಸುಕಾಯಿತು. 2021ರ ರೀಮಾಸ್ಟರ್ 4:3ಕ್ಕೇ ಮರಳಿತು, ನೋಡುವಂತಾಯಿತು.

ಪ್ರಶ್ನೆ: 'ಡಾಕ್ಟರ್ ಹೂ' ಹಳೆಯ ಕಂತುಗಳ ಬಗ್ಗೆ ನೀವು ಬರೆಯುವುದೇ ಇಲ್ಲ. ಬ್ರಿಟನ್ನಿನ ಧಾರಾವಾಹಿಗಳೆಂದರೆ ಅಸಡ್ಡೆಯೆ?

ಉತ್ತರ: ಅಸಡ್ಡೆಯಲ್ಲ, ಅವುಗಳ ಸಮಸ್ಯೆಯೇ ಬೇರೆ. 1963ರಲ್ಲಿ ಆರಂಭವಾದ ಆ ಧಾರಾವಾಹಿಯ ಸ್ಟುಡಿಯೊ ದೃಶ್ಯಗಳು ಹೆಚ್ಚಾಗಿ ವಿಡಿಯೊ ಟೇಪಿನಲ್ಲಿದ್ದವು. ಟೇಪು ದುಬಾರಿಯೆಂದು ಬಿಬಿಸಿ ಅವುಗಳನ್ನು ಅಳಿಸಿ ಮರುಬಳಕೆ ಮಾಡಿತು. ವಿದೇಶಗಳಿಗೆ ಮಾರಲು ತೆಗೆದಿದ್ದ ಫಿಲ್ಮ್ ಪ್ರತಿಗಳಿಂದಾಗಿ ಕೆಲವು ಬದುಕಿದವು; 2013ರಲ್ಲಿ ನೈಜೀರಿಯದಲ್ಲಿ ಸಿಕ್ಕ ಒಂಬತ್ತು ಕಂತುಗಳೂ ಅಂಥವೇ. ಕಪ್ಪು ಬಿಳುಪಾಗಿ ಮಾತ್ರ ಉಳಿದಿದ್ದ 1970ರ ದಶಕದ ಕೆಲವು ಬಣ್ಣದ ಕಂತುಗಳ ಫಿಲ್ಮಿನಲ್ಲಿ ಮೂಲ ಬಣ್ಣದ ಸಂಕೇತ ಸಣ್ಣ ಚುಕ್ಕಿಗಳಾಗಿ ಅಚ್ಚಾಗಿತ್ತು. ಆ ಚುಕ್ಕಿಗಳನ್ನು ಓದಿ ಬಣ್ಣವನ್ನು ಮರಳಿ ಪಡೆದಿದ್ದಾರೆ. ಇದನ್ನು ಕೇಳಿದಾಗ ನನಗಂತೂ ಅದೇ ಒಂದು ವಿಜ್ಞಾನ ಕಥೆಯಂತೆ ತೋರಿತು.

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಮೂಲ 'ಸ್ಟಾರ್ ಟ್ರೆಕ್' ತೋರಿಸಬೇಕೆಂದಿದ್ದೇನೆ. ಹಳೆಯದೋ ಹೊಸದೋ? ಹಳೆಯ ದೃಶ್ಯಗಳನ್ನು ಕಂಡು ನಕ್ಕುಬಿಟ್ಟರೆ?

ಉತ್ತರ: ಆಯ್ಕೆ ನಿಮ್ಮ ಕೈಯಲ್ಲಿರುವುದೇ ಅದೃಷ್ಟ. ಎಲ್ಲ ಧಾರಾವಾಹಿಗಳಿಗೂ ಆ ಭಾಗ್ಯವಿಲ್ಲ. 1998ರಲ್ಲಿ ಬ್ರಿಟನ್ನಿನ ಹಾಸ್ಯ ಧಾರಾವಾಹಿ 'ರೆಡ್ ಡ್ವಾರ್ಫ್'ನ ಮೊದಲ ಮೂರು ಸರಣಿಗಳನ್ನು ರೀಮಾಸ್ಟರ್ ಮಾಡುವಾಗ ಮಾದರಿ ನೌಕೆಗಳನ್ನು ತೆಗೆದು ಗ್ರಾಫಿಕ್ಸ್ ಹಾಕಿದರು, ವಿಡಿಯೊ ಚಿತ್ರಕ್ಕೆ ಫಿಲ್ಮಿನ ವೇಷ ತೊಡಿಸಿದರು, ನೌಕೆಯ ಕಂಪ್ಯೂಟರ್ ಪಾತ್ರದ ಭಾಗಗಳನ್ನು ಅದೇ ನಟನನ್ನು ಕರೆಸಿ ಮತ್ತೆ ಚಿತ್ರಿಸಿದರು. ಅಭಿಮಾನಿಗಳು ಅದನ್ನು ಒಪ್ಪಲಿಲ್ಲ, ಮುಂದೆ ಡಿವಿಡಿ ಬಂದಾಗ ಮೂಲ ಕಂತುಗಳೇ ಮುಖ್ಯ ಸ್ಥಾನಕ್ಕೆ ಮರಳಿದವು. ಸ್ಟಾರ್ ಟ್ರೆಕ್‌ನ 2009ರ ಬ್ಲೂ-ರೇ ಈ ಜಗಳವನ್ನು ಜಾಣತನದಿಂದ ನಿವಾರಿಸಿಕೊಂಡಿದೆ: ಶುಚಿಗೊಳಿಸಿದ ಅದೇ ಚಿತ್ರವನ್ನು ಹಳೆಯ ನೌಕಾದೃಶ್ಯಗಳೊಂದಿಗೂ ನೋಡಬಹುದು, ಹೊಸವುಗಳೊಂದಿಗೂ ನೋಡಬಹುದು. ಅಂತರ್ಜಾಲದ ಪ್ರಸಾರ ಸೇವೆಗಳಲ್ಲಿ ಸಾಮಾನ್ಯವಾಗಿ ಹೊಸದೊಂದೇ ಸಿಗುವುದರಿಂದ ಡಿಸ್ಕನ್ನೇ ಸಂಪಾದಿಸಿಕೊಳ್ಳಿ.

'ಬ್ಯಾಲೆನ್ಸ್ ಆಫ್ ಟೆರರ್' ಕಂತಿನಿಂದ ತೊಡಗಿ. ಜಲಾಂತರ್ಗಾಮಿಗಳ ಹಾಗೆ ಒಂದನ್ನೊಂದು ಹೊಂಚುವ ಎರಡು ನೌಕೆಗಳ ಕಥೆ ಅದು. 2006ರಲ್ಲಿ ಹೊಸ ರೂಪದಲ್ಲಿ ಮೊದಲು ಪ್ರಸಾರವಾದದ್ದೂ ಅದೇ. ಮೊದಲು ಹಳೆಯ ದೃಶ್ಯಗಳೊಂದಿಗೆ ಹಾಕಿ. ಆರಂಭದಲ್ಲಿ ನಕ್ಕರೆ ನಗಲಿ. ಎರಡು ಕಡೆಯ ನಾಯಕರೂ ಪರಸ್ಪರರ ಮನಸ್ಸನ್ನು ಓದಲು ಹೆಣಗುವ ಹೊತ್ತಿಗೆ ಅವಳ ಕಣ್ಣು ನೌಕೆಯ ಮೇಲಿರುವುದಿಲ್ಲ, ಮುಖಗಳ ಮೇಲಿರುತ್ತದೆ. ಮಾರನೆಯ ದಿನ ಅದೇ ಕಂತನ್ನು ಹೊಸ ಗ್ರಾಫಿಕ್ಸ್‌ನೊಂದಿಗೆ ತೋರಿಸಿ, ಅವಳು ಯಾವುದನ್ನು ಮೆಚ್ಚಿದಳೆಂದು ನನಗೂ ಬರೆದು ತಿಳಿಸಿ. ಹೊಸದೇ ಚೆನ್ನಾಗಿದೆ ಎಂದಳಾದರೆ ಅದನ್ನೂ ಇಲ್ಲಿ ಪ್ರಕಟಿಸುತ್ತೇನೆ.